ಮಳೆ ರಜೆಯಲ್ಲಿ ಮೊಬೈಲ್, ಟಿ.ವಿ. ಇಟ್ಟುಕೊಂಡೇ ಮಕ್ಕಳ ಮೈ ಬೆವರಿಸುವುದು ಹೇಗೆ?

ಜೂನ್ ಬಂತೆಂದರೆ ಕೊಡಗಿನ ತಂದೆತಾಯಂದಿರು ಕೇಳುವ ಪ್ರಶ್ನೆ ಒಂದೇ. "ಶಾಲೆಗೆ ರಜೆ ಕೊಟ್ಟಿದ್ದಾರೆ, ಹೊರಗೆ ಬಿಡೋ ಹಾಗಿಲ್ಲ, ಮಗು ಬೆಳಿಗ್ಗೆಯಿಂದ ಮೊಬೈಲ್ ಹಿಡಿದು ಕೂತಿದೆ. ಏನು ಮಾಡೋದು?" ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮೈದಾನದಲ್ಲಿ ನೀರು, ತೋಟದಲ್ಲಿ ಜಿಗಣೆ. ಸಿದ್ದಾಪುರದ ಕಡೆ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಮಳೆ ಬಿಟ್ಟರೂ ಸಂಜೆ ಹೊತ್ತು ಕಾಡಾನೆ ಭಯ. ಮಕ್ಕಳು ಒಳಗೇ ಇರಬೇಕು.

ಇಂಥ ದಿನಗಳಲ್ಲಿ ಮೊಬೈಲನ್ನು ಪೂರ್ತಿ ಕಿತ್ತಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಜಗಳ. ಹಾಗಂತ ಸುಮ್ನೆ ಬಿಟ್ಟರೆ ಮಗು ಸಂಜೆವರೆಗೂ ಏಳುವುದಿಲ್ಲ. ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಸ್ಕ್ರೀನ್ ಒಂದು ಕಡೆ ನಿಲ್ಲಲಿ, ಮಗು ಓಡಾಡಲಿ. ಮಗುವಿನ ಕೈಯಲ್ಲಿ ಫೋನ್ ಇದೆ ಎಂದರೆ ಆಟ ಕೆಟ್ಟಿತು ಅಂತಲೇ ಲೆಕ್ಕ. ಕೆಳಗಿನ ಎಲ್ಲ ಹಂತಗಳೂ ಈ ಒಂದು ನಿಯಮದ ಮೇಲೆಯೇ ನಿಂತಿವೆ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ಫೋನ್, ಅದನ್ನು ನಿಲ್ಲಿಸಲು ಸ್ಟ್ಯಾಂಡ್ ಅಥವಾ ಭಾರದ ಡಬ್ಬ. ಟಿ.ವಿ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಚಿಕ್ಕ ಸ್ಪೀಕರ್ ಇದ್ದರೆ ತುಂಬಾ ಅನುಕೂಲ. ಹಳೆ ಪೇಪರ್, ಒಂದೆರಡು ಹಳೆ ಸಾಕ್ಸ್, ಸೀಮೆಸುಣ್ಣ. ಮತ್ತೆ, ಮೊದಲ ಕೆಲವು ದಿನ ಮಗುವಿನ ಜೊತೆ ಕುಣಿಯುವ ಒಬ್ಬ ದೊಡ್ಡವರು. ಇದೊಂದು ಇಲ್ಲದಿದ್ದರೆ ಉಳಿದಿದ್ದೆಲ್ಲ ಇದ್ದರೂ ಆಟ ಎರಡು ದಿನಕ್ಕೇ ನಿಲ್ಲುತ್ತದೆ.

ಹಂತ 1: ಎರಡು ಲೆಕ್ಕ ಬೇರೆ ಬೇರೆ ಇಡಿ

ಕೂತು ನೋಡುವ ಹೊತ್ತು ಬೇರೆ, ಎದ್ದು ಆಡುವ ಹೊತ್ತು ಬೇರೆ. ವೈದ್ಯರು "ಸೆಡೆಂಟರಿ ಸ್ಕ್ರೀನ್ ಟೈಮ್" ಅನ್ನುವುದು ಮೊದಲನೆಯದಕ್ಕೆ. ಅಂದರೆ ಮೈ ಅಲುಗಿಸದೆ ಸ್ಕ್ರೀನ್ ನೋಡುತ್ತಾ ಕಳೆಯುವ ಸಮಯ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕು. ವಾರದಲ್ಲಿ ಮೂರು ದಿನವಾದರೂ ಅದರಲ್ಲಿ ಜೋರು ಓಟ, ಜಿಗಿತದಂಥದ್ದು ಇರಬೇಕು. ಮೂಳೆ ಗಟ್ಟಿಯಾಗಲು ಜಿಗಿತ ಒಳ್ಳೆಯದು. ಈ 60 ನಿಮಿಷ ಒಂದೇ ಸಲಕ್ಕೆ ಆಗಬೇಕಿಲ್ಲ. ಬೆಳಿಗ್ಗೆ ಇಪ್ಪತ್ತು, ಮಧ್ಯಾಹ್ನ ಇಪ್ಪತ್ತು, ಸಂಜೆ ಇಪ್ಪತ್ತು ಆದರೂ ಸಾಕು.

ಕೂತು ನೋಡುವುದಕ್ಕೆ ಭಾರತೀಯ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಮಿತಿ ಹಾಕಿದೆ. ಎರಡು ವರ್ಷದ ಒಳಗಿನವರಿಗೆ ಸ್ಕ್ರೀನ್ ಬೇಡವೇ ಬೇಡ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. "ಇಪ್ಪತ್ತು ನಿಮಿಷ ಕುಣಿದರೆ ಅರ್ಧ ಗಂಟೆ ಕಾರ್ಟೂನ್" ಅಂತ ಆಸೆ ತೋರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗ ಕುಣಿತ ಅನ್ನುವುದು ಕಾರ್ಟೂನ್ ನೋಡಲು ಕಟ್ಟಬೇಕಾದ ಶುಲ್ಕದಂತೆ ಆಗಿಬಿಡುತ್ತದೆ. ಮಗು ಕೈಕಾಲು ಆಡಿಸಿದಂತೆ ಮಾಡಿ ಶುಲ್ಕ ಕಟ್ಟಿ ಮುಗಿಸುತ್ತದೆ. ಎರಡಕ್ಕೂ ಗಂಟು ಹಾಕದೆ ಬೇರೆಬೇರೆ ಸಮಯ ಗೊತ್ತು ಮಾಡಿ.

ಹಂತ 2: ಜಾಗ ಮಾಡಿಕೊಳ್ಳಿ

ಮಗು ಎರಡೂ ಕೈ ಚಾಚಿ ನಿಂತು ಒಂದು ಸುತ್ತು ತಿರುಗಲಿ. ಏನೂ ತಾಗಬಾರದು. ಆಮೇಲೆ ನಾಲ್ಕೂ ದಿಕ್ಕಿಗೆ ಒಂದೊಂದು ದೊಡ್ಡ ಹೆಜ್ಜೆ ಇಡಲಿ. ಆಗಲೂ ತಾಗದಿದ್ದರೆ ಆ ಜಾಗ ಸಾಕು. ಲೈನ್ ಮನೆಯ ಒಂದೇ ಕೋಣೆಯಲ್ಲೂ ಚಾಪೆ, ಸ್ಟೂಲು ಸರಿಸಿದರೆ ಇಷ್ಟು ಜಾಗ ಸಿಗುತ್ತದೆ. ಎರಡು ಮಕ್ಕಳಿದ್ದು ಜಾಗ ಸಾಲದಿದ್ದರೆ ಸರದಿ ಮೇಲೆ ಆಡಿಸಿ.

ನಮ್ಮ ಮನೆಗಳ ರೆಡ್ ಆಕ್ಸೈಡ್ ನೆಲದ ಬಗ್ಗೆ ಎಚ್ಚರ ಇರಲಿ. ಮಳೆಗಾಲದಲ್ಲಿ ನೆಲ ಒಸರುತ್ತದೆ, ಅಂದರೆ ಗಾಳಿಯ ತೇವ ನೆಲದ ಮೇಲೆ ಪಸೆಯಾಗಿ ಕೂರುತ್ತದೆ. ನೋಡಿದರೆ ಒಣಗಿದಂತೆಯೇ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಆಟಕ್ಕೆ ಮುಂಚೆ ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ. ಚಳಿ ಅಂತ ಮಕ್ಕಳು ಸಾಕ್ಸ್ ಹಾಕಿಕೊಂಡಿರುತ್ತಾರೆ, ಅಲ್ವಾ? ಆಟದ ಹೊತ್ತಿಗೆ ಅದನ್ನು ತೆಗೆಸಿ. ಬರಿಗಾಲೇ ಒಳ್ಳೆಯದು. ಗೋಣಿಚೀಲ, ಕಾರ್ಪೆಟ್ ತುಂಡು ಹಾಸಿ ಅದರ ಮೇಲೆ ಜಿಗಿಸುವುದೂ ಬೇಡ. ನಯವಾದ ನೆಲದ ಮೇಲೆ ಅವೇ ಮೊದಲು ಜಾರುವುದು.

ಒದ್ದೆ ಬಟ್ಟೆ ಒಣಗಿಸಲು ಒಳಗೆ ಕಟ್ಟಿದ ಹಗ್ಗ ಮಗುವಿನ ಕುತ್ತಿಗೆ ಮಟ್ಟದಲ್ಲಿದ್ದರೆ ಬಿಚ್ಚಿಡಿ. ಕೆಂಡದ ಅಗ್ಗಿಷ್ಟಿಕೆ ಇರುವ ಕೋಣೆಯಲ್ಲಿ ಈ ಆಟ ಆಡಿಸಲೇಬೇಡಿ. ಆರಿದೆ ಅಂದುಕೊಂಡ ಅಗ್ಗಿಷ್ಟಿಕೆಗೂ ಇದೇ ಮಾತು. ಬಾಗಿಲ ಹತ್ತಿರ ಇಟ್ಟ ಒದ್ದೆ ಕೊಡೆ, ಅದರ ನೀರು ಹರಿದ ಜಾಗವನ್ನೂ ನೋಡಿಕೊಳ್ಳಿ.

ಟಿ.ವಿ. ಸ್ಟ್ಯಾಂಡ್ ಮೇಲಿದ್ದರೆ ಒಮ್ಮೆ ಅಲುಗಿಸಿ ನೋಡಿ. ಅಲುಗಿದರೆ ಮೊದಲು ಗೋಡೆಗೆ ಬಿಗಿಸಿ, ಆಮೇಲೆ ಆಟ. ಜಿಗಿಯುವ ಮಕ್ಕಳ ಮುಂದೆ ಸಡಿಲ ಟಿ.ವಿ. ದೊಡ್ಡ ಅಪಾಯ. ಮರದ ಹಲಗೆಯ ಮಹಡಿಯಾದರೆ ಜಿಗಿತವನ್ನು ಕೆಳಗಿನ ಕೋಣೆಗೆ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಮುಚ್ಚಿದ ಕೋಣೆಯ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಉಬ್ಬಸ ಇರುವ ಮಗುವಿಗೆ ಇದು ಕೆಟ್ಟದ್ದು. ಆಟಕ್ಕೆ ಮುಂಚೆ ಹತ್ತು ನಿಮಿಷ ಕಿಟಕಿ ತೆರೆದಿಡಿ, ಒಲೆಯ ಹೊಗೆ ಬರುವ ಕೋಣೆ ಬಿಡಿ. ಎಷ್ಟು ಆಡಬಹುದು ಅಂತ ವೈದ್ಯರನ್ನು ಮೊದಲೇ ಕೇಳಿ. ಅವರು ಇನ್ಹೇಲರ್ ಕೊಟ್ಟಿದ್ದರೆ ಅದು ಕೈಗೆ ಸಿಗುವಲ್ಲಿರಲಿ.

ಹಂತ 3: ಸ್ಕ್ರೀನನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸಿಡಿ

ಮಗು ನಿಂತಾಗ ಸ್ಕ್ರೀನ್ ಅದರ ಕಣ್ಣಿನ ಮಟ್ಟಕ್ಕೆ ಹತ್ತಿರ ಇರಲಿ. ನೆಲದ ಮೇಲಿಟ್ಟರೆ ಮಗು ಕುತ್ತಿಗೆ ಬಗ್ಗಿಸಿಕೊಂಡೇ ಇರುತ್ತದೆ. ಫೋನ್ ಚಿಕ್ಕದು, ದೂರದಿಂದ ಕಾಣುವುದಿಲ್ಲ, ಹಾಗಾಗಿ ಮಕ್ಕಳು ಹೆಜ್ಜೆಹೆಜ್ಜೆಗೂ ಮುಂದೆ ಬರುತ್ತಾರೆ. ಇದಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು "ಇದನ್ನು ದಾಟಬಾರದು" ಅಂತ ಹೇಳಿದರೆ ಸಾಕು.

ಸ್ಮಾರ್ಟ್ ಟಿ.ವಿ. ಇದ್ದರೆ ಕಾಸ್ಟಿಂಗ್ ಮಾಡಿ. ಅಂದರೆ ಫೋನಿನಲ್ಲಿ ಆರಿಸಿದ ವಿಡಿಯೊ ವೈಫೈ ಮೂಲಕ ಟಿ.ವಿ.ಯಲ್ಲಿ ಕಾಣುವಂತೆ ಮಾಡುವುದು. ಫೋನ್, ಟಿ.ವಿ. ಎರಡೂ ಒಂದೇ ವೈಫೈನಲ್ಲಿರಬೇಕು. ಕಾಸ್ಟಿಂಗ್ ಆಗದಿದ್ದರೆ ಮೊದಲು ಇದನ್ನೇ ನೋಡಿ.

ನೆಟ್‌ವರ್ಕ್ ನಂಬಬೇಡಿ. ಗಾಳಿಮಳೆಗೆ ಮರ ಬಿದ್ದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಸಿಗ್ನಲ್ ಇರುವಾಗಲೇ ನಾಲ್ಕೈದು ವಿಡಿಯೊ ಡೌನ್‌ಲೋಡ್ ಮಾಡಿಡಿ. ಯೂಟ್ಯೂಬ್ ಆ್ಯಪ್‌ನಲ್ಲಿ ಕೆಲವು ವಿಡಿಯೊಗಳ ಕೆಳಗೆ ಡೌನ್‌ಲೋಡ್ ಬಟನ್ ಇರುತ್ತದೆ. ಅದು ಆ್ಯಪ್ ಒಳಗೇ ಉಳಿಯುತ್ತದೆ, ಆಗಾಗ ನೆಟ್‌ಗೆ ಸೇರಿಸದಿದ್ದರೆ ಓಡುವುದಿಲ್ಲ. ಇದಕ್ಕಿಂತ ಗಟ್ಟಿ ಉಪಾಯ ಅಂದರೆ ನೀವೇ ರೆಕಾರ್ಡ್ ಮಾಡುವುದು. ಚಿಕ್ಕಪ್ಪನೋ ಅತ್ತೆಯೋ ಹತ್ತು ನಿಮಿಷ ವ್ಯಾಯಾಮ ಮಾಡುತ್ತಾ ಎಣಿಸುವ ವಿಡಿಯೊ ಮಾಡಿಟ್ಟರೆ ಅದಕ್ಕೆ ನೆಟ್ ಬೇಡ, ಜಾಹೀರಾತೂ ಬರುವುದಿಲ್ಲ. ಮಕ್ಕಳಿಗೆ ಮನೆಯವರ ಮುಖ ಕಂಡರೆ ಖುಷಿಯೇ ಬೇರೆ.

ಆಟೊಪ್ಲೇ ಆಫ್ ಮಾಡಿಬಿಡಿ. ಒಂದು ವಿಡಿಯೊ ಮುಗಿದ ತಕ್ಷಣ ಇನ್ನೊಂದು ತಾನಾಗಿಯೇ ಶುರುವಾಗುವ ವ್ಯವಸ್ಥೆಗೆ ಆಟೊಪ್ಲೇ ಎನ್ನುತ್ತಾರೆ. ವ್ಯಾಯಾಮದ ವಿಡಿಯೊ ಮುಗಿದು ಗೊತ್ತೇ ಆಗದಂತೆ ಆಟಿಕೆ ಬಿಚ್ಚುವ ವಿಡಿಯೊ ಬಂದು ಮಗು ಕೂತುಬಿಡುವುದು ಹೀಗೆಯೇ. ಗುಡುಗು ಮಿಂಚು ಇದ್ದರೆ ಟಿ.ವಿ. ಪ್ಲಗ್ ಕಿತ್ತಿಡಿ, ಚಾರ್ಜ್ ಇರುವ ಫೋನಿನಲ್ಲೇ ಆಡಿಸಿ.

ಹಂತ 4: ವಿಡಿಯೊ ಆಯ್ದುಕೊಳ್ಳಿ

ಮಗುವಿಗೆ ತೋರಿಸುವ ಮುಂಚೆ ನೀವು ಒಮ್ಮೆ ಎದ್ದು ನಿಂತು ಮಾಡಿ ನೋಡಿ. ಕೂತು ನೋಡಿದರೆ ಗೊತ್ತಾಗುವುದಿಲ್ಲ. ಹೇಳಿಕೊಡುವವರ ತಲೆಯಿಂದ ಪಾದದವರೆಗೆ ಕಾಣಬೇಕು. ಚಲನೆ ನಿಧಾನವಾಗಿ ಶುರುವಾಗಬೇಕು. ಮಾತು ಕಡಿಮೆ ಇರಬೇಕು. ಭಾಷೆ ಅಷ್ಟು ಮುಖ್ಯವಲ್ಲ, ಮಕ್ಕಳು ನೋಡಿ ಮಾಡುತ್ತಾರೆ. ಬಣ್ಣಬಣ್ಣದ ಕಾರ್ಟೂನ್ ಗೊಂಬೆ ತಾನೇ ಕುಣಿದು, ತಾನೇ ಬಿದ್ದು ನಗಿಸುವಂಥದ್ದನ್ನು ಬಿಡಿ. ಅದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆಯೇ ಹೊರತು ಮಾಡುವುದಿಲ್ಲ. ಹೊಟ್ಟೆ ಕರಗಿಸುವ, ತೂಕ ಇಳಿಸುವ ವಿಡಿಯೊ ಮಕ್ಕಳಿಗೆ ಖಂಡಿತ ಬೇಡ. ಮಗುವಿನ ಮೈಕಟ್ಟಿನ ಬಗ್ಗೆ ನೀವೂ ಆ ಹೊತ್ತಲ್ಲಿ ಒಂದು ಮಾತೂ ಆಡಬೇಡಿ.

ನಮ್ಮ ಊರಿನಲ್ಲೇ ಇದಕ್ಕೆ ಬೇಕಾದ ಸಂಗೀತ ಇದೆ. ವಾಲಗಕ್ಕೆ ಕುಣಿಯಲು ಕೊಡಗಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಮದುವೆ ಮನೆಗಳಲ್ಲಿ ನೋಡಿಯೇ ಕಲಿತಿರುತ್ತಾರೆ. ವಾಲಗದ ಹತ್ತು ನಿಮಿಷದ ರೆಕಾರ್ಡಿಂಗ್ ಹಾಕಿ ಕುಣಿಸಿದರೆ ಮೈ ಬೆವರುತ್ತದೆ. ಕೊಡವರ ಜನಪದ ಕುಣಿತಗಳಾದ ಉಮ್ಮತ್ತಾಟ್, ಬೊಳಕಾಟ್ ವಿಡಿಯೊ ಆದರೆ ಒಂದು ತೊಡಕಿದೆ. ವೃತ್ತದಲ್ಲಿ ತಿರುಗುವಾಗ ಅರ್ಧ ಹೊತ್ತು ಸ್ಕ್ರೀನ್ ಬೆನ್ನಿಗಿರುತ್ತದೆ. ಹಾಗಾಗಿ ಎರಡು ನಿಮಿಷ ನಿಂತು ಹೆಜ್ಜೆ ನೋಡಿಕೊಳ್ಳಲಿ, ಆಮೇಲೆ ಫೋನ್ ಮಗುಚಿಟ್ಟು ಹಾಡು ಮಾತ್ರ ಕೇಳಿಸಿ.

ಮೈ ಅಲುಗಿಸಿ ಆಡುವ ವಿಡಿಯೊ ಗೇಮ್‌ಗಳಿಗೆ ಎಕ್ಸರ್‌ಗೇಮ್ ಎನ್ನುತ್ತಾರೆ. ಕ್ಯಾಮೆರಾ ಅಥವಾ ಕೈಯಲ್ಲಿ ಹಿಡಿದ ಕಂಟ್ರೋಲರ್ ಮಗುವಿನ ಚಲನೆಯನ್ನು ಗುರುತಿಸುತ್ತದೆ. ಮನೆಯಲ್ಲಿ ಈಗಾಗಲೇ ಇದ್ದರೆ ಬಳಸಿ, ಕಂಟ್ರೋಲರ್‌ನ ಪಟ್ಟಿ ಮಣಿಕಟ್ಟಿಗೆ ಕಟ್ಟಿರಲಿ. ಇದಕ್ಕಾಗಿಯೇ ದುಡ್ಡು ಹಾಕಿ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹಂತ 5: ಇಪ್ಪತ್ತು ನಿಮಿಷದ ಆಟ ನಡೆಸಿ

ಊಟವಾದ ತಕ್ಷಣ ಬೇಡ, ಒಂದು ಗಂಟೆಯಾದರೂ ಕಳೆಯಲಿ. ಮೊದಲ ಮೂರ್ನಾಲ್ಕು ನಿಮಿಷ ನಿಂತಲ್ಲೇ ನಡಿಗೆ, ಕೈ ಸುತ್ತು, ಸೊಂಟ ತಿರುಗಿಸುವುದು. ಚಳಿಯಲ್ಲಿ ಮೈ ಬಿಗಿದಿರುತ್ತದೆ, ಇದನ್ನು ಬಿಡಬೇಡಿ.

ಆಮೇಲಿನ ಹತ್ತು ಹನ್ನೆರಡು ನಿಮಿಷಕ್ಕೆ ಇಂಟರ್‌ವಲ್ ಟೈಮರ್ ಬಳಸಿ. 30 ಸೆಕೆಂಡ್ ಆಟ, 30 ಸೆಕೆಂಡ್ ವಿಶ್ರಾಂತಿ ಎಂದು ತಾನೇ ಬೀಪ್ ಕೊಡುವ ಉಚಿತ ಆ್ಯಪ್‌ಗಳಿವೆ. ಕಪ್ಪೆ ಜಿಗಿತ, ಏಡಿ ನಡಿಗೆ, ಕೈಕಾಲೂರಿ ಆನೆ ನಡಿಗೆ, ಒಂಟಿ ಕಾಲಲ್ಲಿ ನಿಲ್ಲುವುದು, ನಿಂತಲ್ಲೇ ಓಟ. ಕುಪ್ಪಳಿಸುವ ಆಟ ಒಂದಾದ ಮೇಲೆ ನಿಧಾನದ್ದು ಒಂದು ಬರಲಿ. ಜಿಗಿದು ಇಳಿಯುವಾಗ ಮೊಣಕಾಲು ಮಡಚಿ, ಸದ್ದಾಗದಂತೆ ಇಳಿಯಬೇಕು ಅಂತ ಹೇಳಿಕೊಡಿ. ಕೊನೆಗೆ ಮೂರು ನಿಮಿಷ ನಿಧಾನ ನಡಿಗೆ, ಒಂದು ಲೋಟ ನೀರು. ಚಳಿಗೆ ಮಕ್ಕಳು ನೀರು ಕೇಳುವುದಿಲ್ಲ, ನೀವೇ ಕೊಡಿ.

ಸಾಕಷ್ಟು ಆಯಿತೇ ಅಂತ ತಿಳಿಯಲು ಸುಲಭ ಪರೀಕ್ಷೆ ಇದೆ. ಮಗು ಆಡುತ್ತಾ ಮಾತಾಡಬಲ್ಲದು, ಆದರೆ ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ ವೇಗ. ಎರಡು ಮೂರು ಪದಕ್ಕೇ ಉಸಿರು ಬೇಕು ಎಂದರೆ ಜೋರು. ಆರಾಮಾಗಿ ಹಾಡುತ್ತಿದ್ದರೆ ಇನ್ನೂ ಸ್ವಲ್ಪ ಜೋರು ಮಾಡಬಹುದು. ಎದೆ ನೋವು, ತಲೆಸುತ್ತು, ಸುಂಯ್ ಅನ್ನುವ ಉಸಿರು, ಕೀಲು ನೋವು ಅಂದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಶುರು ಮಾಡುವ ಮುಂಚೆ ವೈದ್ಯರಿಗೆ ತೋರಿಸಿ.

ಐದು ವರ್ಷದ ಒಳಗಿನವರಿಗೆ ಈ ಟೈಮರ್, ಬೀಪ್ ಯಾವುದೂ ಬೇಡ. ಹಾಡು ಹಾಕಿ, ಜೊತೆಗೆ ಕುಣಿಯಿರಿ, ಹಾಡು ನಿಂತಾಗ ಅಲುಗದೆ ನಿಲ್ಲಿ. ಅವರಿಗೆ ಅಷ್ಟೇ ಸಾಕು.

ಹಂತ 6: ವಿಡಿಯೊ ಬೇಸರವಾದಾಗ ಈ ಆಟಗಳು

ಒಂದೇ ವಿಡಿಯೊ ನಾಲ್ಕನೇ ದಿನಕ್ಕೆ ಬೇಸರ. ಆಗ ಫೋನನ್ನು ಬೇರೆ ಕೆಲಸಕ್ಕೆ ಹಚ್ಚಿ. ನನ್ನ ಪ್ರಕಾರ ಈ ಹಂತವೇ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಇಲ್ಲಿ ಮಗು ಸ್ಕ್ರೀನ್ ನೋಡುವುದು ಕ್ಷಣ ಮಾತ್ರ. ಉಳಿದ ಹೊತ್ತೆಲ್ಲ ಓಡಾಟವೇ.

ಫೋಟೊ ಬೇಟೆ: ಮನೆಯ ಹತ್ತು ಹನ್ನೆರಡು ವಸ್ತುಗಳನ್ನು ತುಂಬಾ ಹತ್ತಿರದಿಂದ ಫೋಟೊ ತೆಗೆಯಿರಿ. ಅಕ್ಕಿ ಡಬ್ಬದ ಹಿಡಿ, ಬಾಗಿಲ ಮರದ ಗಂಟು, ಕೊಡೆಯ ತುದಿ, ಚಾಪೆಯ ಅಂಚು. ಫೋನನ್ನು ಒಂದು ಮೇಜಿನ ಮೇಲಿಡಿ. ಮಗು ಒಂದು ಫೋಟೊ ನೋಡಿ, ಓಡಿ, ಆ ವಸ್ತು ಮುಟ್ಟಿ, ವಾಪಸ್ ಬಂದು ಮುಂದಿನ ಫೋಟೊ ನೋಡಬೇಕು. ಫೋನ್ ಹಿಡಿದು ಓಡುವಂತಿಲ್ಲ. ಮೆಟ್ಟಿಲು, ಅಡುಗೆಮನೆ, ಬಚ್ಚಲಿನ ಒಲೆ ಕಡೆಯ ವಸ್ತುಗಳ ಫೋಟೊ ಬೇಡ. ಮೇಜು ಮನೆಯ ಒಂದು ತುದಿಯಲ್ಲಿದ್ದರೆ ಓಟ ಜಾಸ್ತಿಯಾಗುತ್ತದೆ. ಮರುದಿನ ಮಗುವೇ ಫೋಟೊ ತೆಗೆಯಲಿ, ನೀವು ಓಡಿ.

ಹಾಕಿ ನೋಡುತ್ತಾ ಓಟ: 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದಾಗಿ ಇಲ್ಲಿನ ಮಕ್ಕಳಿಗೆ ಹಾಕಿ ನಿಯಮ ಬಾಯಿಪಾಠ. ಒಂದು ಹಳೆ ಪಂದ್ಯ ಹಾಕಿ, ಮಕ್ಕಳು ನಿಂತೇ ನೋಡಲಿ. ಭಾರತ ಚಿನ್ನ ಗೆದ್ದ 2014ರ ಏಷ್ಯನ್ ಗೇಮ್ಸ್ ಪಂದ್ಯ ಸಿಕ್ಕರೆ ಚೆನ್ನ. ಆ ತಂಡದಲ್ಲಿದ್ದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಚೆಂಡು ಹಿಡಿದು ಓಡಿದಾಗ ಮಕ್ಕಳೂ ನಿಂತಲ್ಲೇ ಓಡಬೇಕು. ಪೆನಾಲ್ಟಿ ಕಾರ್ನರ್ ಬಂದರೆ ಐದು ಬಸ್ಕಿ. ಗೋಲಾದರೆ ಹತ್ತು ಜಿಗಿತ. ಒಂದು ಕ್ವಾರ್ಟರ್, ಅಂದರೆ ಪಂದ್ಯದ ಕಾಲುಭಾಗ, 15 ನಿಮಿಷ. ಅಷ್ಟು ಸಾಕು. ಕ್ರಿಕೆಟ್ ನೋಡುವ ಮನೆಯಲ್ಲಿ ಪ್ರತಿ ಓವರ್ ಮುಗಿದಾಗ ಆರು ಬಸ್ಕಿ ಅಂತ ಮಾಡಬಹುದು. ಪೂರ್ತಿ ಪಂದ್ಯ ಹೀಗೆ ನೋಡಿಸಬೇಡಿ, ಕೂತು ನೋಡುವ ಹೊತ್ತೇ ಬೆಳೆಯುತ್ತದೆ.

ಇದರ ಬೆನ್ನಿಗೇ ಮಕ್ಕಳು ಸ್ಟಿಕ್ ಕೇಳುತ್ತಾರೆ. ಒಳಗೆ ಸ್ಟಿಕ್ ಬೇಡ. ಪೇಪರ್ ಸುರುಳಿ ಸುತ್ತಿ ಟೇಪ್ ಹಾಕಿ, ಎರಡು ಸಾಕ್ಸ್ ಉಂಡೆ ಮಾಡಿ ಚೆಂಡು ಮಾಡಿ. ಎಡಕ್ಕೆ ಬಲಕ್ಕೆ ಡ್ರಿಬಲ್ ಮಾಡಲು ಇಷ್ಟೇ ಸಾಕು. ಸುರುಳಿ ಸೊಂಟಕ್ಕಿಂತ ಮೇಲೆ ಎತ್ತಬಾರದು ಎಂಬ ನಿಯಮ ಇರಲಿ.

ನಿಧಾನ ವಿಡಿಯೊ: ಬಹುಪಾಲು ಫೋನ್‌ಗಳಲ್ಲಿ ಸ್ಲೋ ಮೋಷನ್ ಇದೆ. ಮಗು ನಿಂತಲ್ಲಿಂದ ಮುಂದಕ್ಕೆ ಜಿಗಿಯಲಿ, ನೀವು ಚಿತ್ರೀಕರಿಸಿ, ಇಬ್ಬರೂ ನೋಡಿ. ಕೈ ಬೀಸಿದರೆ ಎಷ್ಟು ದೂರ, ಬೀಸದಿದ್ದರೆ ಎಷ್ಟು ದೂರ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಹತ್ತು ವರ್ಷ ದಾಟಿದವರಿಗೆ, "ಕುಣಿ" ಅಂದರೆ ನಾಚುವವರಿಗೆ, ಈ ಆಟ ಹಿಡಿಸುತ್ತದೆ. ಆ ವಿಡಿಯೊಗಳನ್ನು ಸ್ಟೇಟಸ್‌ಗೆ ಹಾಕಬೇಡಿ. ಮಗುವಿನ ಮನೆಯೊಳಗಿನ ಆಟ ಮನೆಯೊಳಗೇ ಇರಲಿ.

ವಿಡಿಯೊ ಕಾಲ್: ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಕಾಲ್ ಮಾಡಿ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡಬೇಕು. ಎಣಿಸುವ ಕೆಲಸ ಅಜ್ಜಿಗೆ ಕೊಡಿ. ಅಜ್ಜಿ ಎಣಿಸುವಾಗ ಯಾವ ಮಗುವೂ ಮೋಸ ಮಾಡುವುದಿಲ್ಲ.

ಒಂದು ಮಾತು. ಅಣ್ಣನಿಗೂ ತಂಗಿಗೂ ಯಾರು ಜಾಸ್ತಿ ಅಂತ ಪೈಪೋಟಿ ಇಡಬೇಡಿ. ಚಿಕ್ಕವರು ಸೋತು ಬಿಟ್ಟುಬಿಡುತ್ತಾರೆ. ನಿನ್ನೆಯ ತನ್ನ ಲೆಕ್ಕವನ್ನೇ ಇವತ್ತು ದಾಟಲಿ.

ಹಂತ 7: ಸ್ಕ್ರೀನ್ ಆಫ್ ಮಾಡುವುದನ್ನೂ ಮೊದಲೇ ಯೋಚಿಸಿ

ಸ್ಕ್ರೀನ್ ಆರಿಸುವಾಗಲೇ ಅಳು ಬರುವುದು. "ಇನ್ನು ಎರಡು ಹಾಡು, ಆಮೇಲೆ ಮುಗೀತು" ಅಂತ ಮುಂಚೆಯೇ ಹೇಳಿ, ಹೇಳಿದಂತೆ ನಿಲ್ಲಿಸಿ. ಆರಿಸುವ ಬಟನ್ ಮಗುವೇ ಒತ್ತಲಿ. ತಕ್ಷಣ ಏನಾದರೂ ಬಿಸಿಬಿಸಿ ತಿಂಡಿ ಸಿಗುವಂತಿದ್ದರೆ ಜಗಳವೇ ಇಲ್ಲ. ಮಲಗುವ ಒಂದು ಗಂಟೆ ಮುಂಚೆ ಸ್ಕ್ರೀನ್ ಬೇಡ, ಜೋರು ಆಟವೂ ಬೇಡ.

ಎರಡು ಮೂರು ವಾರ ಕಳೆದ ಮೇಲೆ ಚಿತ್ರ ತೆಗೆದು ಸದ್ದು ಮಾತ್ರ ಬಿಡಿ. ಗೊತ್ತಿರುವ ವಿಡಿಯೊ ಆದ್ದರಿಂದ ಮಕ್ಕಳು ಕೇಳಿಯೇ ಮಾಡುತ್ತಾರೆ. ಆಮೇಲೆ ಸದ್ದೂ ಬೇಕಾಗದೆ ತಾವೇ ಆಟ ಕಟ್ಟಲು ಶುರು ಮಾಡಿದರೆ ನೀವು ಮಧ್ಯೆ ಬಾಯಿ ಹಾಕಬೇಡಿ.

ಹಂತ 8: ಕರೆಂಟ್ ಹೋದ ದಿನಕ್ಕೆ

ಒಮ್ಮೆ ಹೋದರೆ ಎರಡು ದಿನ ಬಾರದಿರುವುದೂ ಉಂಟು. ಫೋನ್ ಚಾರ್ಜ್ ಅರ್ಧಕ್ಕಿಂತ ಕೆಳಗಿಳಿದರೆ ಅದನ್ನು ಮಾತಾಡಲು ಉಳಿಸಿ, ಆಟಕ್ಕೆ ಬಳಸಬೇಡಿ. ತುರ್ತಿಗೆ ಫೋನ್ ಬೇಕಾಗುತ್ತದೆ. ಸೆಲ್ ಹಾಕುವ ರೇಡಿಯೊ ಇದ್ದರೆ ಮಡಿಕೇರಿ ಆಕಾಶವಾಣಿ ಎಫ್.ಎಂ. 103.1ರಲ್ಲಿ ಬರುತ್ತದೆ. ಹಾಡು ಬಂದಾಗ ಕುಣಿತ, ಮಾತು ಬಂದಾಗ ಒಂಟಿ ಕಾಲಲ್ಲಿ ನಿಲ್ಲುವುದು ಅಂತ ಆಡಿಸಿ. ಬೆಳಕು ಕಡಿಮೆ ಇದ್ದರೆ ಓಟ, ಜಿಗಿತ ಬಿಟ್ಟು ನಿಂತಲ್ಲೇ ಆಡುವುದನ್ನು ಮಾತ್ರ ಇಟ್ಟುಕೊಳ್ಳಿ. ಮೇಣದಬತ್ತಿ ಉರಿಯುವ ಕೋಣೆಯಲ್ಲಿ ಅದೂ ಬೇಡ. ಹಗಲಿನಲ್ಲಾದರೆ ಜಗಲಿಯಲ್ಲಿ ನೀರು ಎರಚದ ಮೂಲೆ ನೋಡಿ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆದುಕೊಡಿ.